ತಿದ್ದುವುದು, ಕಾಪಿ ಹೊಡೆಯುವುದು: ನಿಪ್ಪುರದ ಹಲಗೆಯಿಂದ ನಮ್ಮ ಲ್ಯಾಬ್ ರೆಕಾರ್ಡ್‌ವರೆಗೆ

ಹಿಂದಿನ ಕಾಲದವರು ಮಕ್ಕಳಿಗೆ ಹೇಗೆ ಕಲಿಸ್ತಿದ್ರು, ಈಗ ಹೇಗೆ ಕಲಿಸ್ತಾರೆ ಅನ್ನೋ ವಿಷಯದ ಮೇಲೆ ಈ ಸಂಚಿಕೆಗೆ ಬರೀತೀವಿ ಅಂದ ಕೂಡಲೇ ಹಾಸ್ಟೆಲ್ ಮೆಸ್‌ನಲ್ಲಿ ಎರಡು ಪಕ್ಷ ಆಯ್ತು. "ಗುರುಕುಲವೇ ಚೆನ್ನಾಗಿತ್ತು, ಮೆಕಾಲೆ ಬಂದು ಎಲ್ಲ ಹಾಳು ಮಾಡಿದ" ಅಂತ ಒಂದು ಪಕ್ಷ. "ಆ ಕಾಲದಲ್ಲಿ ಹುಟ್ಟಿದ್ದರೆ ಇಲ್ಲಿ ಕೂತಿರೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನ ಬಾಗಿಲ ಒಳಗೇ ಬಿಡ್ತಿರಲಿಲ್ಲ" ಅಂತ ಇನ್ನೊಂದು. ಸಾರು ಆರಿ ತಣ್ಣಗಾಗುವವರೆಗೆ ವಾದ ನಡೆಯಿತು. ಈ ವಾದ ನೀವೂ ಕೇಳಿರ್ತೀರಿ, ಅದನ್ನೇ ಮತ್ತೆ ಬರೆಯೋದು ಬೇಡ ಅನ್ನಿಸಿತು. ನಮ್ಮ ತಲೆಯಲ್ಲಿ ಕೊರೀತಿದ್ದದ್ದು ಬೇರೆಯದೇ ಒಂದು ಸಂಗತಿ.

ಕಳೆದ ಸೆಮಿಸ್ಟರ್‌ನ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್ ವೈವಾ. ಎಕ್ಸ್‌ಟರ್ನಲ್ ಆಗಿ ಬಂದಿದ್ದ ಹಿರಿಯರು ನಮ್ಮಲ್ಲೊಬ್ಬನ ರೆಕಾರ್ಡ್ ತೆರೆದರು. ಮುತ್ತು ಪೋಣಿಸಿದಂಥ ಅಕ್ಷರ, ಸ್ಕೇಲ್ ಇಟ್ಟು ಎಳೆದ ಟೇಬಲ್, ಅಂಟಿಸಿದ ಗ್ರಾಫ್. ಮೈಲ್ಡ್ ಸ್ಟೀಲ್‌ನ ಟೆನ್ಸೈಲ್ ಟೆಸ್ಟ್. ಲೋಡ್ ಅನ್ನೋ ಕಾಲಂನ ತಲೆಯಲ್ಲಿ ಕಿಲೋನ್ಯೂಟನ್ ಅಂತ ಇರಬೇಕಾದಲ್ಲಿ ಬರೀ ನ್ಯೂಟನ್ ಅಂತಿತ್ತು. ಕೊನೆಗೆ ರಿಸಲ್ಟ್ ಮಾತ್ರ 200 ಗಿಗಾಪಾಸ್ಕಲ್, ಸರಿಯಾಗೇ ಇತ್ತು. ಅವರು ಏನೂ ಬೈಯಲಿಲ್ಲ, ಕ್ಯಾಲ್ಕುಲೇಟರ್ ಮುಂದೆ ಸರಿಸಿ "ನೀನೇ ಬರೆದಿರೋ ರೀಡಿಂಗ್‌ನಿಂದ ಒಂದ್ಸಲ ಲೆಕ್ಕ ಹಾಕಪ್ಪ" ಅಂದರು. 0.2 ಗಿಗಾಪಾಸ್ಕಲ್ ಬಂತು. "ಇದು ಉಕ್ಕಿನ ಕಂಬಿಯೋ, ಅಂಗಡಿ ಪ್ಲಾಸ್ಟಿಕ್ ಕವರೋ?" ಅಂತ ಕೇಳಿದರು. ಪಕ್ಕದವಳ ರೆಕಾರ್ಡ್ ತೆರೆದರೆ ಅಲ್ಲೂ ನ್ಯೂಟನ್. ಅದರ ಪಕ್ಕದ್ದರಲ್ಲೂ ನ್ಯೂಟನ್. ಆಮೇಲೆ ನಾವು ಮೂಲ ಹುಡುಕಿಕೊಂಡು ಹೋದ್ವಿ. ನಾವು ನೋಡಿ ಬರೆದ ಸೀನಿಯರ್ ರೆಕಾರ್ಡ್‌ನಲ್ಲಿ ನ್ಯೂಟನ್, ಅವರು ನೋಡಿ ಬರೆದದ್ದರಲ್ಲೂ ನ್ಯೂಟನ್. ಮೂರು ಬ್ಯಾಚು. ಪ್ರತಿಯೊಂದರ ಕೆಳಗೂ ಕೆಂಪು ಇಂಕಿನ ಸಹಿ, ಹತ್ತಕ್ಕೆ ಹತ್ತು.

ನಾವು ಕಾಪಿ ಹೊಡೆದದ್ದಕ್ಕೇ ಹೀಗಾಯ್ತು ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ಸ್ವಲ್ಪ ಓದುತ್ತಾ ಹೋದಾಗ ಒಂದು ವಿಷಯ ಗೊತ್ತಾಯಿತು. ಪ್ರಪಂಚದಲ್ಲಿ ಶಾಲೆ ಅನ್ನೋದರ ಬಹಳ ಹಳೆಯ, ಬಹಳ ವಿವರವಾದ ಪುರಾವೆಗಳು ಸಿಕ್ಕಿರೋ ಜಾಗದಲ್ಲೂ ಮಕ್ಕಳು ಮಾಡ್ತಿದ್ದದ್ದು ಕಾಪಿಯೇ. ದಿನಾ, ವರ್ಷಗಟ್ಟಲೆ. ಹಾಗಾದ್ರೆ ಅವರ ಕಾಪಿಗೂ ನಮ್ಮ ಕಾಪಿಗೂ ಏನು ವ್ಯತ್ಯಾಸ?

ಆ ಜಾಗ ದಕ್ಷಿಣ ಇರಾಕಿನ ನಿಪ್ಪುರ. ಅಲ್ಲಿ 1951–52ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಸೇರಿ ನಡೆಸಿದ ಉತ್ಖನನದಲ್ಲಿ ಒಂದು ಪುಟ್ಟ ಮನೆ ಸಿಕ್ಕಿತು. ಅದಕ್ಕೆ 'ಎಫ್ ಮನೆ' ಅಂತ ಗುರುತು ಕೊಟ್ಟರು. ಕಾಲ ಸುಮಾರು ಕ್ರಿ.ಪೂ. 1740, ಅಂದ್ರೆ ಹಮ್ಮುರಾಬಿಯ ಮಗ ಸಂಸುಇಲುನ ಆಳುತ್ತಿದ್ದ ಸಮಯ. ವಿಸ್ತೀರ್ಣ ಸುಮಾರು 45 ಚದರ ಮೀಟರ್. ಬೆಂಗಳೂರಿನ ಲೆಕ್ಕದಲ್ಲಿ ಹೇಳೋದಾದ್ರೆ ಇಪ್ಪತ್ತು-ಮೂವತ್ತರ ಸೈಟಿಗಿಂತ ಚಿಕ್ಕದು. ಅಷ್ಟು ಸಣ್ಣ ಮನೆಯಲ್ಲಿ ಜೇಡಿಮಣ್ಣಿನ ಹಲಗೆಗಳ ಸುಮಾರು 1400 ತುಂಡುಗಳು ಸಿಕ್ಕವು. ಬಹುಪಾಲು ಮಕ್ಕಳ ಬರವಣಿಗೆ. ಇಂಥ ಶಾಲೆಗೆ ಸುಮೇರಿಯನ್ ಭಾಷೆಯಲ್ಲಿ 'ಎದುಬ್ಬಾ' ಅನ್ನೋ ಹೆಸರು. 'ಹಲಗೆ ಮನೆ' ಅಂತ ಸಾಮಾನ್ಯವಾಗಿ ಅರ್ಥ ಹೇಳ್ತಾರೆ. ಎಲಿನಾರ್ ರಾಬ್ಸನ್ ಅನ್ನೋ ವಿದ್ವಾಂಸೆ 2001ರಲ್ಲಿ ಈ ಒಂದು ಮನೆಯ ಬಗ್ಗೆಯೇ ಒಂದು ದೊಡ್ಡ ಲೇಖನ ಬರೆದಿದ್ದಾರೆ.

ನಮಗೆ ಅತ್ಯಂತ ಹಿಡಿಸಿದ್ದು ಆ ಮನೆಯಲ್ಲಿದ್ದ ಒಂದು ತೊಟ್ಟಿ. ನೀರು ಸೋರದಂತೆ ಒಳಗೆ ಡಾಂಬರು ಬಳಿದ ತೊಟ್ಟಿ. ಬರೆದು ಮುಗಿದ ಹಲಗೆಗಳನ್ನು ಅದರಲ್ಲಿ ನೆನೆಹಾಕಿ, ಮತ್ತೆ ಮುದ್ದೆ ಮಾಡಿ, ಹೊಸ ಹಲಗೆ ತಟ್ಟಿಕೊಳ್ಳೋರು. ಅಂದ್ರೆ ಬರೆದದ್ದನ್ನು ಇಟ್ಟುಕೊಳ್ಳುವ ಉದ್ದೇಶವೇ ಇರಲಿಲ್ಲ. ನಮಗೆ ಸಿಕ್ಕಿರೋದು ಕೂಡ ಆ ಮನೆಯ ನೆಲ, ಗೋಡೆ, ಜಗಲಿಗಳಿಗೆ ತುಂಬಲು ಬಳಸಿದ ರದ್ದಿ. ಮೂರೂವರೆ ಸಾವಿರ ವರ್ಷ ಉಳಿದದ್ದು ಯಾರೋ ಉಳಿಸಬೇಕು ಅಂತ ಇಟ್ಟದ್ದಲ್ಲ, ರಿಪೇರಿಗೆ ಕೈಗೆ ಸಿಕ್ಕಿದ್ದು!

ಪಾಠ ಶುರುವಾಗ್ತಿದ್ದದ್ದು ಅಕ್ಷರದಿಂದಲೂ ಅಲ್ಲ. ಜೊಂಡಿನ ಕಡ್ಡಿಯನ್ನು ಮಣ್ಣಿಗೆ ಒತ್ತಿದಾಗ ಮೂಡುವ ಬೆಣೆ ಗುರುತಿನಿಂದ: ನೆಟ್ಟಗೆ ಒಂದು, ಅಡ್ಡ ಒಂದು, ಓರೆ ಒಂದು. ಕೈ ಕೂರುವವರೆಗೆ ಅದೇ. ಆಮೇಲೆ ಚಿಹ್ನೆಗಳು, ಆಮೇಲೆ ಜನರ ಹೆಸರುಗಳು, ಆಮೇಲೆ ವಸ್ತುಗಳ ಪಟ್ಟಿ. ಮೊದಲು ಮರಗಳು ಮತ್ತು ಮರದಿಂದ ಮಾಡಿದ ಸಾಮಾನು. ಕುರ್ಚಿ, ದೋಣಿ, ಗಾಡಿ, ನೇಗಿಲು, ಬಾಗಿಲು, ಪ್ರತಿ ಪದದ ಮುಂದೆ 'ಮರ' ಅನ್ನೋ ಚಿಹ್ನೆ. ಬಳಿಕ ಜೊಂಡು, ಮಡಕೆ, ಚರ್ಮ, ಲೋಹ, ಪ್ರಾಣಿ, ಕಲ್ಲು, ಗಿಡ, ಮೀನು, ಹಕ್ಕಿ, ಬಟ್ಟೆ. ಸಾವಿರಾರು ಪದಗಳು, ಮನೆ ಮತ್ತು ಬೀದಿಯಲ್ಲಿ ಕಣ್ಣಿಗೆ ಬೀಳುವ ವಸ್ತುಗಳ ಹೆಸರುಗಳೇ. ಅದಾದ ಮೇಲೆ ತೂಕ-ಅಳತೆ, ಮಗ್ಗಿ, ನಂತರ ಕರಾರು ಪತ್ರಗಳ ಮಾದರಿ, ಗಾದೆಗಳು, ಕೊನೆಗೆ ಕಾವ್ಯ.

ಮಗ್ಗಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ, ಎಷ್ಟಂದ್ರೂ ಇಂಜಿನಿಯರಿಂಗ್ ಓದ್ತಿರೋರು. ಅವರ ಎಣಿಕೆ 60ರ ಆಧಾರದ್ದು. ನಮ್ಮ ಗಡಿಯಾರದ 60 ನಿಮಿಷ, 60 ಸೆಕೆಂಡು ಅಲ್ಲಿಂದಲೇ ಇಳಿದು ಬಂದದ್ದು. ಮಗ್ಗಿಗಳ ಸರಣಿ ಒಂದರಿಂದ ಅಲ್ಲ, 50ರಿಂದ ಶುರುವಾಗಿ ಇಳಿಯುತ್ತಾ ಬರ್ತದೆ. ಒಂದೊಂದು ಮಗ್ಗಿಯೂ 1ರಿಂದ 20ರವರೆಗೆ, ಆಮೇಲೆ 30, 40, 50. ಅದೇ ಕಾಲದ ಇನ್ನೊಂದು ಹಲಗೆ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅಂಗೈಯಲ್ಲಿ ಹಿಡಿಯುವಷ್ಟು ದುಂಡನೆಯದು, ವಿದ್ಯಾರ್ಥಿಯ ಲೆಕ್ಕ ಅಂತಲೇ ನಂಬಲಾಗಿದೆ. ಅದರಲ್ಲೊಂದು ಚೌಕ, ಎರಡು ಕರ್ಣ, ಮೂರು ಸಂಖ್ಯೆ. ಒಂದು ಸಂಖ್ಯೆ 60ರ ಲೆಕ್ಕದಲ್ಲಿ 1. 24, 51, 10. ನಮ್ಮ ದಶಮಾಂಶಕ್ಕೆ ತಿರುಗಿಸಿದರೆ 1.414213, ಎರಡರ ವರ್ಗಮೂಲ! ಆ ಹುಡುಗ ಅದನ್ನು ತಾನೇ ಕಂಡುಹಿಡಿದದ್ದಲ್ಲ, ಗುಣಾಂಕಗಳ ಪಟ್ಟಿಯಿಂದ ಎತ್ತಿಕೊಂಡಿರಬೇಕು. ಅಂದ್ರೆ ಕಾಪಿಯೇ. ಆದರೆ ಚೌಕದ ಬಾಹು 30 ಅಂತ ಕೊಟ್ಟಾಗ ಅದರಿಂದ ಗುಣಿಸಿ ಕರ್ಣ 42. 25, 35 ಅಂತ ತೆಗೆದಿದ್ದಾನೆ. ನಾವೂ ಡೇಟಾ ಹ್ಯಾಂಡ್‌ಬುಕ್ ನೋಡಿ ಮಾಡೋದು ಇದನ್ನೇ ಅಲ್ವಾ. ಎತ್ತಿಕೊಂಡ ಸಂಖ್ಯೆಯಿಂದ ಮುಂದೆ ಒಂದು ಹೆಜ್ಜೆ ಇಡೋಕಾಗತ್ತಾ ಅನ್ನೋದೇ ಪ್ರಶ್ನೆ. ವೈವಾದಲ್ಲಿ ನಮ್ಮಿಂದ ಆಗದೇ ಹೋದದ್ದು ಆ ಒಂದು ಹೆಜ್ಜೆ.

ಇನ್ನು ಆ ಕಾಪಿಯ ವಿಧಾನ. ನಿಪ್ಪುರದಲ್ಲಿ ಸಿಕ್ಕ ಒಂದು ಬಗೆಯ ದೊಡ್ಡ ಹಲಗೆಗಳಲ್ಲಿ ಮುಂಬದಿಯ ಎಡಭಾಗದಲ್ಲಿ ಗುರು ಬರೆದ ಮಾದರಿ ಇರುತ್ತೆ. ಬಲಭಾಗದಲ್ಲಿ ಶಿಷ್ಯ ಅದನ್ನು ನೋಡಿ ಬರೀತಾನೆ, ಅಳಿಸ್ತಾನೆ, ಮತ್ತೆ ಬರೀತಾನೆ. ಎಷ್ಟು ಸಲ ಅಂದ್ರೆ, ಅಳಿಸಿ ಅಳಿಸಿ ಬಲಭಾಗದ ಮಣ್ಣು ಎಡಭಾಗಕ್ಕಿಂತ ತೆಳ್ಳಗಾಗಿಬಿಟ್ಟಿರತ್ತೆ. ಹಲಗೆ ತಿರುಗಿಸಿದರೆ ಹಿಂಬದಿಯಲ್ಲಿ ಬೇರೆ ಪಾಠ, ಒತ್ತೊತ್ತಾಗಿ ಹಲವು ಕಾಲಂಗಳಲ್ಲಿ. ನೀಕ್ ವೆಲ್ಡ್‌ಹೌಸ್ ಅನ್ನೋ ವಿದ್ವಾಂಸರು ಇಂಥ ಹಲಗೆಗಳ ಮುಂಬದಿ-ಹಿಂಬದಿಗಳನ್ನು ಹೋಲಿಸಿ ನೋಡಿದಾಗ, ಹಿಂಬದಿಯಲ್ಲಿರೋದು ಯಾವಾಗಲೂ ಮೊದಲೇ ಕಲಿತ ಪಾಠ ಅಂತ ತಿಳಿಯಿತು. ಮುಂದೆ ಹೊಸ ಪಾಠ, ಮಾದರಿ ನೋಡಿ. ಹಿಂದೆ ಹಳೆಯ ಪಾಠ, ಬಹುಶಃ ನೆನಪಿನಿಂದ. ಒಂದೇ ಹಲಗೆಯಲ್ಲಿ ಕಾಪಿಯೂ ಇದೆ, ಪರೀಕ್ಷೆಯೂ ಇದೆ. ಎರಡೂ ಸಂಜೆಗೆ ತೊಟ್ಟಿಗೆ.

ಇದನ್ನೆಲ್ಲ ಓದಿ ಅಲ್ಲಿನ ಮಕ್ಕಳು ಸುಖವಾಗಿದ್ರು ಅಂದ್ಕೋಬೇಡಿ. ಶಾಲೆಯ ದಿನಗಳ ಬಗ್ಗೆ ಸುಮೇರಿಯನ್ ಭಾಷೆಯಲ್ಲೇ ಒಂದು ಕೃತಿ ಇದೆ, 1949ರಲ್ಲಿ ಸ್ಯಾಮ್ಯುಯೆಲ್ ನೋವಾ ಕ್ರೇಮರ್ ಅದನ್ನು ಸಂಪಾದಿಸಿ ಪ್ರಕಟಿಸಿದರು. ಅದರಲ್ಲಿ ಒಬ್ಬ ಹುಡುಗ ಒಂದೇ ದಿನ ಹಲವರಿಂದ ಏಟು ತಿಂತಾನೆ. ಮಾತಾಡಿದ್ದಕ್ಕೆ, ಎದ್ದು ನಿಂತದ್ದಕ್ಕೆ, ಬಾಗಿಲಾಚೆ ಹೋದದ್ದಕ್ಕೆ, ಅಕ್ಷರ ಚೆನ್ನಾಗಿಲ್ಲದ್ದಕ್ಕೆ. ಕೊನೆಗೆ ಅಪ್ಪ ಗುರುವನ್ನು ಮನೆಗೆ ಕರೆದು, ಊಟ ಹಾಕಿ, ಹೊಸ ಬಟ್ಟೆ ಉಡಿಸಿ ಕಳಿಸಿದ ಮೇಲೆ ಆ ಗುರುವಿನ ಬಾಯಲ್ಲಿ ಹುಡುಗ ಜಾಣನಾಗ್ತಾನೆ. (ಇಂಟರ್ನಲ್ಸ್ ಮಾರ್ಕ್ಸ್ ಬಗ್ಗೆ ನಾವಿಲ್ಲಿ ಏನೂ ಹೇಳ್ತಿಲ್ಲ.) ಕಲೀತಿದ್ದವರೂ ಬಹುತೇಕ ಅನುಕೂಲಸ್ಥರ ಮನೆಯ ಗಂಡುಮಕ್ಕಳು. ಸಿಪ್ಪರ್ ಎಂಬ ಊರಿನಲ್ಲಿ ಲಿಪಿಕಾರ ವೃತ್ತಿ ಮಾಡುತ್ತಿದ್ದ ಹೆಂಗಸರ ಹೆಸರುಗಳು ಸಿಕ್ಕಿವೆ, ಆದರೆ ಅದು ಅಪರೂಪ.

ಆ ಹುಡುಗ ಏಟು ತಿಂದದ್ದಕ್ಕೆ ಇನ್ನೂ ಒಂದು ಕಾರಣವಿತ್ತು: ಸುಮೇರಿಯನ್ ಮಾತಾಡಲಿಲ್ಲ ಅಂತ. ಇಲ್ಲಿ ನಾವೆಲ್ಲ ಓದೋದು ನಿಲ್ಲಿಸಿ ಮುಖ ಮುಖ ನೋಡಿಕೊಂಡ್ವಿ. ಯಾಕಂದ್ರೆ ಎಫ್ ಮನೆಯ ಕಾಲಕ್ಕೆ ಸುಮೇರಿಯನ್ ಯಾರ ಮನೆಮಾತೂ ಆಗಿ ಉಳಿದಿರಲಿಲ್ಲ. ಮಕ್ಕಳು ಮನೆಯಲ್ಲಿ ಆಡ್ತಿದ್ದದ್ದು ಅಕ್ಕಾಡಿಯನ್. ಎರಡಕ್ಕೂ ಯಾವ ನಂಟೂ ಇಲ್ಲ, ಕನ್ನಡಕ್ಕೂ ಇಂಗ್ಲಿಷಿಗೂ ಇಲ್ಲದ ಹಾಗೆ. ಸ್ಕೂಲಲ್ಲಿ ಕನ್ನಡ ಮಾತಾಡಿದ್ದಕ್ಕೆ ಐದು ರೂಪಾಯಿ ದಂಡ ಕಟ್ಟಿದವರು ನಮ್ಮ ಗುಂಪಿನಲ್ಲೇ ಇಬ್ಬರಿದ್ದಾರೆ.

ಆದರೂ ಒಂದು ವ್ಯತ್ಯಾಸ ಇದೆ. ನಿಪ್ಪುರದವರಿಗೆ ಈ ಭಾಷೆ ಮಗುವಿಗೆ ಪರಕೀಯ ಅನ್ನೋದು ಗೊತ್ತಿತ್ತು. ಅದಕ್ಕೇ ಬೆಣೆಯಿಂದ ಚಿಹ್ನೆಗೆ, ಚಿಹ್ನೆಯಿಂದ ಪದಕ್ಕೆ, ಪದದಿಂದ ವಾಕ್ಯಕ್ಕೆ ಮೆಟ್ಟಿಲು ಕಟ್ಟಿದರು. ಕಾಲ ಕಳೆದಂತೆ ಆ ಪದಪಟ್ಟಿಗಳಲ್ಲಿ ಸುಮೇರಿಯನ್ ಪಕ್ಕದಲ್ಲೇ ಅಕ್ಕಾಡಿಯನ್ ಅರ್ಥದ ಕಾಲಂ ಬರೆಯೋದು ರೂಢಿಗೆ ಬಂತು. ನಮ್ಮ ಕಾಲೇಜಿನಲ್ಲಿ, ಬಹುಶಃ ನಿಮ್ಮದರಲ್ಲೂ, ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಜಡತ್ವ, ಸಂವೇಗ, ವೇಗೋತ್ಕರ್ಷ ಓದಿ ಬಂದವರಿಗೆ ಆ ಪಕ್ಕದ ಕಾಲಂ ಇಲ್ಲ.

ನಮ್ಮೂರ ಕಡೆಯ ಹಳೆಯ ಶಾಲೆಗಳಲ್ಲಿ ಏನಿತ್ತು ಅಂತಲೂ ನೋಡಿದ್ವಿ. ಪ್ರಾಚೀನ ಅನ್ನೋವಷ್ಟು ಹಳೆಯದಲ್ಲ, ಇನ್ನೂರು ವರ್ಷದ ಹಿಂದಿನದು, ಆದರೆ ಲೆಕ್ಕ ಸಮೇತ ದಾಖಲೆ ಇದೆ. ಮದ್ರಾಸ್ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಶಾಲೆಗಳ ಮಾಹಿತಿ ಕೇಳಿದ. ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ಉತ್ತರವನ್ನು ಧರ್ಮಪಾಲ್ 1983ರ ತಮ್ಮ ಪುಸ್ತಕದಲ್ಲಿ ಪ್ರಕಟಿಸಿದ್ದಾರೆ. ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದು. 533 ಶಾಲೆ, ಅದರಲ್ಲಿ ಕನ್ನಡದವು 235, ತೆಲುಗಿನವು 226, ಇಂಗ್ಲಿಷಿನದು ಒಂದೇ ಒಂದು. ಓದುತ್ತಿದ್ದವರು 6641, ಒಟ್ಟು ಜನಸಂಖ್ಯೆಯಲ್ಲಿ ಸಾವಿರಕ್ಕೆ ಏಳು ಜನ. ಅವರಲ್ಲಿ ಹೆಣ್ಣುಮಕ್ಕಳು 60. ಮೆಸ್‌ನ ಎರಡನೇ ಪಕ್ಷಕ್ಕೆ ಈ ಅಂಕಿ ಸಾಕು. ಆದರೆ ಮೊದಲ ಪಕ್ಷಕ್ಕೂ ಅದರಲ್ಲಿ ಸ್ವಲ್ಪ ಇದೆ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಕ್ರಮವನ್ನು ಕ್ಯಾಂಪ್‌ಬೆಲ್ ಮನಸಾರೆ ಹೊಗಳುತ್ತಾನೆ, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿ ಅಂತಾನೆ. ಆಂಡ್ರ್ಯೂ ಬೆಲ್ ಮದ್ರಾಸಿನ ಅನಾಥಾಲಯದಲ್ಲಿ ಪ್ರಯೋಗ ಮಾಡಿ 1797ರಲ್ಲಿ ಲಂಡನ್ನಿನಲ್ಲಿ ವರದಿ ಪ್ರಕಟಿಸಿದ 'ಮದ್ರಾಸ್ ಪದ್ಧತಿ' ಅಂದ್ರೆ ಇದೇ.

ಆ ಶಾಲೆಗಳಲ್ಲಿ ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೀತಿದ್ರು. ಎರಡನೆಯವನ ಅಂಗೈಗೆ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ ಅಂತ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರಿಕೆ. ಎಂಟೂವರೆ ಕ್ಲಾಸಿಗೆ ಒಂಬತ್ತಕ್ಕೆ ಹೋಗೋ ನಮ್ಮ ಗತಿ ನೆನೆಸಿಕೊಳ್ಳಿ. ಬರವಣಿಗೆ ಮೊದಲು ನೆಲದ ಮರಳಿನ ಮೇಲೆ ಬೆರಳಿನಿಂದ. ಬಳಿಕ ಇದ್ದಿಲು ಬಳಿದ ಹಲಗೆ, ಅಥವಾ ಬಟ್ಟೆಗೆ ಗಂಜಿ ಹಾಕಿ ಗಟ್ಟಿ ಮಾಡಿ, ಇದ್ದಿಲು-ಅಂಟು ಬಳಿದು ಮಡಿಚಿಟ್ಟುಕೊಳ್ಳುವ ಕಡತ. ಇವತ್ತು ಸರ್ಕಾರಿ ಆಫೀಸಿನ ಫೈಲಿಗೆ ಕಡತ ಅಂತೀವಲ್ಲ, ಆ ಹೆಸರು ಇಲ್ಲಿಯದೇ. ಮರಳೂ, ಹಲಗೆಯೂ, ಕಡತವೂ ಅಳಿಸಿ ಬರೆಯುವಂಥವು. ನಿಪ್ಪುರದ ಮಣ್ಣಿನ ಹಾಗೇ.

ಇಲ್ಲಿ ನಮ್ಮ ಭಾಷೆಯ ಒಂದು ಪದ ಗಮನಿಸಿ. ಮಗು ಮೊದಲ ಅಕ್ಷರದ ಮೇಲೆ ಮತ್ತೆ ಮತ್ತೆ ಬೆರಳಾಡಿಸೋದಕ್ಕೆ ನಾವು ಅಕ್ಷರ 'ತಿದ್ದೋದು' ಅಂತೀವಿ. ತಪ್ಪನ್ನು ಸರಿ ಮಾಡೋದಕ್ಕೂ 'ತಿದ್ದೋದು' ಅಂತಲೇ ಅಂತೀವಿ. ನೋಡಿ ಬರೆಯೋದೂ ಸರಿಪಡಿಸಿಕೊಳ್ಳೋದೂ ಒಂದೇ ಕೆಲಸ ಅಂತ ಮರಳಿನ ಮೇಲೆ ಕಲಿತವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. 'ಕಾಪಿ ಹೊಡೆಯೋದು' ಅನ್ನೋ ಮಾತಿನಲ್ಲಿ ಆ ಎರಡನೇ ಅರ್ಥ ಇಲ್ಲ. ರೆಕಾರ್ಡ್‌ನಲ್ಲಿ ತಿದ್ದೋ ಹಾಗೇ ಇಲ್ಲ. ಒಂದು ಅಕ್ಷರ ಹೊಡೆದು ಹಾಕಿದರೆ ಹಾಳೆ ಪೂರ್ತಿ ಮತ್ತೆ ಬರೀಬೇಕು, ವೈಟ್ನರ್ ಹಾಕಿದರೆ ಮಾರ್ಕ್ಸ್ ಕಟ್. ಹಾಗಿದ್ದ ಮೇಲೆ ತಪ್ಪು ಮಾಡುವ ಧೈರ್ಯ ಯಾರಿಗೆ ಬರತ್ತೆ? ಸುರಕ್ಷಿತವಾದದ್ದು ಒಂದೇ, ಸಹಿ ಬಿದ್ದಿರೋ ಹಳೆ ರೆಕಾರ್ಡ್.

ಹಾಗಂತ ಬಳ್ಳಾರಿಯ ಶಾಲೆಗಳಲ್ಲಿ ಎಲ್ಲ ಅರ್ಥವಾಗ್ತಿತ್ತು ಅಂತಲೂ ಅಲ್ಲ. ಓದಿಸುತ್ತಿದ್ದ ಪುಸ್ತಕಗಳು ಹಳೆಯ ಪದ್ಯದ ಭಾಷೆಯವು, ಆಡುಮಾತಿಗೂ ವ್ಯವಹಾರಕ್ಕೂ ದೂರ. ಮಕ್ಕಳು ಗಿಳಿಗಳ ಹಾಗೆ ಒಪ್ಪಿಸ್ತಾರೆ, ಅರ್ಥ ಗೊತ್ತಿರಲ್ಲ ಅಂತ ಅದೇ ಕ್ಯಾಂಪ್‌ಬೆಲ್ ಬರೆದಿದ್ದಾನೆ. ಕನ್ನಡ ಶಾಲೆಯಲ್ಲೇ ಕನ್ನಡ ಅರ್ಥವಾಗದ ಸ್ಥಿತಿ. ಆದ್ದರಿಂದ ಭಾಷೆಯ ಹೆಸರು ಬದಲಾಯಿಸಿದ ಮಾತ್ರಕ್ಕೆ ಕೆಲಸ ಮುಗಿಯಲ್ಲ ಅನ್ನೋದು ನಮ್ಮ ಅಭಿಪ್ರಾಯ. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿತು. ಒಳ್ಳೆಯದೇ. ಆದರೆ ಈಗಾಗಲೇ ಇಂಗ್ಲಿಷ್ ಕ್ಲಾಸಿನಲ್ಲಿ ಕೂತಿರುವವರಿಗೆ ಬೇಕಾದದ್ದು ನಡುವಿನ ಮೆಟ್ಟಿಲು.

ಆ ಮೆಟ್ಟಿಲು ಎಷ್ಟು ಸಣ್ಣದು ಅನ್ನೋದಕ್ಕೆ ನಮ್ಮವರದ್ದೇ ಒಂದು ಉದಾಹರಣೆ. ನಮ್ಮ ಗುಂಪಿನ ಗೆಳೆಯನೊಬ್ಬನದು ರೈತರ ಮನೆ. 'ಯೀಲ್ಡ್' ಅಂದ್ರೆ ಅವನಿಗೆ ಚೆನ್ನಾಗಿ ಗೊತ್ತು: ಇಳುವರಿ. ಎಕರೆಗೆ ಎಷ್ಟು ಕ್ವಿಂಟಾಲ್ ಅನ್ನೋ ಲೆಕ್ಕ. ಕ್ಲಾಸಿನಲ್ಲಿ 'ಯೀಲ್ಡ್ ಪಾಯಿಂಟ್' ಅಂದಾಗ ಕಂಬಿಯಿಂದ ಏನು ಇಳುವರಿ ಬರತ್ತೆ ಅಂತ ಒಂದು ಸೆಮಿಸ್ಟರ್ ಪೂರ್ತಿ ಅವನಿಗೆ ಹೊಳೆಯಲಿಲ್ಲ, ಕೇಳೋಕೆ ನಾಚಿಕೆ. ಡೆಫಿನಿಷನ್ ಬಾಯಿಪಾಠ ಮಾಡಿ ಪಾಸಾದ. ವೈವಾ ಆದ ರಾತ್ರಿ ಮಾತಿಗೆ ಬಂದಾಗ ಪಕ್ಕದ ರೂಮಿನವನು "ಮಣಿಯೋದು ಕಣೋ, ಬಳ್ಳಿ ಮಣಿಯಲ್ವಾ, ಹಾಗೆ. ಆದ್ರೆ ಇದು ಮಣಿದ ಮೇಲೆ ಬಿಟ್ಟರೂ ಮೊದಲಿನ ಹಾಗೆ ನೆಟ್ಟಗಾಗಲ್ಲ" ಅಂದ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟೇನಾ?" ಅಂದ. ಆಮೇಲೆ ಗ್ರಾಫ್ ತೆಗೆದು, ಗೆರೆ ನೆಟ್ಟಗೆ ಏರಿ ಬಾಗುವ ಜಾಗಕ್ಕೆ ಬೆರಳಿಟ್ಟು ತಾನೇ ವಿವರಿಸೋಕೆ ಶುರು ಮಾಡಿದ. ಲೋಡ್ ಕಿಲೋನ್ಯೂಟನ್ನಿನಲ್ಲೇ ಯಾಕಿರಬೇಕು ಅನ್ನೋದೂ ಅವನ ಬಾಯಿಂದಲೇ ಬಂತು. ಅದೇ ಬೆಳಿಗ್ಗೆ ಎಕ್ಸ್‌ಟರ್ನಲ್ ಮುಂದೆ ತಲೆ ತಗ್ಗಿಸಿ ನಿಂತಿದ್ದವನು ಅವನೇ.

ಈ ಸೆಮಿಸ್ಟರ್ ನಾವು ನಾಲ್ಕು ಜನ ಒಂದು ಪ್ರಯೋಗ ಮಾಡಿದ್ವಿ. ರೆಕಾರ್ಡಿನ ನಿಯಮ ಬದಲಿಸೋದು ನಮ್ಮ ಕೈಲಿಲ್ಲ, ಅಬ್ಸರ್ವೇಷನ್ ಬುಕ್ ನಮ್ಮದೇ. ಪ್ರತಿ ಲ್ಯಾಬ್ ದಿನ ಹಾಳೆಯ ಮುಂಬದಿಯಲ್ಲಿ ಅವತ್ತಿನ ಪ್ರಯೋಗ, ಮಾದರಿ ನೋಡಿಯೇ. ಹಿಂಬದಿಯಲ್ಲಿ ಹೋದ ವಾರದ್ದು, ಪುಸ್ತಕ ಮುಚ್ಚಿ, ಪೆನ್ಸಿಲಿನಲ್ಲಿ, ಕನ್ನಡದಲ್ಲಿ. ತಾಂತ್ರಿಕ ಪದ ಹಾಗೇ ಇರಲಿ, ಪಕ್ಕದಲ್ಲಿ ಅರ್ಥ. ಮೊದಲ ವಾರ ಒಬ್ಬರದ್ದೂ ಮೂರು ಸಾಲು ದಾಟಲಿಲ್ಲ, ಅವಮಾನ ಆಯ್ತು. ನಾಲ್ಕನೇ ವಾರಕ್ಕೆ ಅರ್ಧ ಪುಟ ಬಂತು. ಒಬ್ಬಳು ಎರಡು ವಾರ ತಪ್ಪಿಸಿದಳು, ಅವಳಿಗೆ ಪ್ಲೇಸ್‌ಮೆಂಟ್ ಟ್ರೈನಿಂಗ್ ಇತ್ತು. ಎಂಟನೇ ವಾರದ ಹೊತ್ತಿಗೆ ಹಿಂಬದಿಯಲ್ಲಿ ಉತ್ತರಕ್ಕಿಂತ ಪ್ರಶ್ನೆಗಳೇ ಜಾಸ್ತಿ ಆಗಿದ್ದವು, ಅವುಗಳಲ್ಲಿ ಎರಡಕ್ಕೆ ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಸಂಜೆ ಉಳಿದುಕೊಂಡು ಮಷಿನ್ ಮೇಲೆಯೇ ಉತ್ತರ ತೋರಿಸಿದರು. ಅವರಿಗೂ ಖುಷಿಯಾದ ಹಾಗೆ ಕಂಡಿತು.

ಹೋದ ವಾರ ಇಬ್ಬರು ಜೂನಿಯರ್ಸ್ ರೂಮಿಗೆ ಬಂದು "ಅಣ್ಣಾ, ಟೆನ್ಸೈಲ್ ಟೆಸ್ಟ್ ರೆಕಾರ್ಡ್ ಇದ್ರೆ ಕೊಡಿ, ನಾಳೆ ಸಬ್ಮಿಷನ್" ಅಂದರು. ಕೊಡಲ್ಲ ಅನ್ನೋಕೆ ನಮಗೇನೂ ಹಕ್ಕಿಲ್ಲ, ನಾವೂ ಹಾಗೇ ಕೇಳಿಕೊಂಡು ಹೋದವರೇ. ರೆಕಾರ್ಡ್ ಜೊತೆಗೆ ಗೀಚಿ ತಿದ್ದಿದ ಅಬ್ಸರ್ವೇಷನ್ ಬುಕ್ಕನ್ನೂ ಮುಂದಿಟ್ಟು, ಯಾವುದು ಬೇಕೋ ತಗೊಳ್ಳಿ ಅಂದ್ವಿ. ಒಬ್ಬ ರೆಕಾರ್ಡ್ ಎತ್ತಿಕೊಂಡು ಹೊರಟ. ಇನ್ನೊಬ್ಬ ಅಬ್ಸರ್ವೇಷನ್ ಬುಕ್ ತಿರುಗಿಸಿ, ಹಿಂಬದಿಯ ಪೆನ್ಸಿಲ್ ಬರಹವನ್ನು ಅಲ್ಲೇ ನಿಂತು ಓದಿದ. "ಇಲ್ಲಿ ಮಣಿಯೋದು ಅಂತ ಬರೆದಿದ್ದೀರಲ್ಲ ಅಣ್ಣ, ಇದು ಯೀಲ್ಡ್‌ಗಾ?" ಅಂತ ಕೇಳಿದ. ಹೌದು ಅಂದ್ವಿ. ಕೂತ್ಕೋ ಅಂದ್ವಿ.